ಝೀರೋ ಎದುರು ಪಿ-40 ಸೋಲುತ್ತಿದ್ದರೆ

ಎರಡನೇ ಮಹಾಯುದ್ಧದ ವಿಮಾನಗಳ ಬೋರ್ಡ್ ಆಟದಲ್ಲಿ ನಿಮ್ಮ ಪಿ-40 (ಅಮೆರಿಕದ ಯುದ್ಧವಿಮಾನ) ಪ್ರತಿ ಸಲ ಗೆಳೆಯನ ಝೀರೋಗೆ (ಜಪಾನಿನ ಯುದ್ಧವಿಮಾನ) ಸೋಲುತ್ತಿದೆ ಅಂತ ಬರೆದಿದ್ದೀರಿ. ಅದಕ್ಕೆ ದಾಳ ಕಾರಣ ಅಲ್ಲ. ಝೀರೋ ಜೊತೆ ನೀವೂ ತಿರುಗಲು ಹೋಗುತ್ತಿದ್ದೀರಿ ಅನ್ಸುತ್ತೆ. ಕಡಿಮೆ ವೇಗದಲ್ಲಿ ಝೀರೋ ತುಂಬ ಚಿಕ್ಕ ಸುತ್ತಿನಲ್ಲಿ ತಿರುಗಿ ನಿಮ್ಮ ಬಾಲ ಹಿಡಿಯುತ್ತದೆ. 1942ರಲ್ಲಿ ಬರ್ಮಾದಲ್ಲಿ ಪಿ-40 ಹಾರಿಸಿದವರು ಜಪಾನಿ ವಿಮಾನಗಳ ಎದುರು ಈ ಸುತ್ತಾಟಕ್ಕೇ ಇಳಿಯದೆ ಮೇಲಿಂದ ಎರಗುತ್ತಿದ್ದರು.

ಮೊದಲ ಎರಡು ಮೂರು ಸರದಿ ಸುಮ್ನೆ ಎತ್ತರಕ್ಕೆ ಏರಿ. ಆಮೇಲೆ ಎರಗಿ, ಒಮ್ಮೆ ಗುಂಡು ಹಾರಿಸಿ, ಅದೇ ವೇಗದಲ್ಲಿ ನೇರ ದೂರ ಹೋಗಿ. ಬೆನ್ನು ಹತ್ತಿದರೂ ತಿರುಗಬೇಡಿ, ಡೈವ್ ಮಾಡಿ. ಶುರುವಿನ ಝೀರೋಗಳಿಗೆ ರಕ್ಷಾಕವಚ ಇರಲಿಲ್ಲ, ಒಂದು ಒಳ್ಳೆ ಏಟು ಸಾಕು.

ನಿಮ್ಮ ಆಟದಲ್ಲಿ ಎತ್ತರದ ಲೆಕ್ಕ ಇದೆಯಾ ಅಂತ ಬರೆದಿಲ್ಲ. ಇಲ್ಲದಿದ್ದರೆ ಗೆಳೆಯನನ್ನು ಒಪ್ಪಿಸಿ ಸೇರಿಸಿಕೊಳ್ಳಿ. ಎತ್ತರ ಗುರುತಿಸಲು ರಟ್ಟಿನ ಬಿಲ್ಲೆ ಇಟ್ಟರೆ ಮಡಿಕೇರಿ ಮಳೆಗೆ ಉಬ್ಬುತ್ತವೆ ಅಲ್ವಾ, ಅದಕ್ಕೇ ನಾವು ವಿಮಾನದ ಪಕ್ಕ ಕಾಫಿ ಬೀಜ ಇಡುತ್ತೇವೆ. ಒಂದು ಬೀಜಕ್ಕೆ ಎತ್ತರದ ಒಂದು ಮಟ್ಟ.