ಬಾದಾಮಿ ನೋಡೋಕೆ ಹೋದಾಗ ಇಳಕಲ್ ಸೀರೆ ತರಬೇಕು. ಅದು ಕೈಮಗ್ಗದ್ದೇ ಅಂತ ಗುರುತಿಸೋದು ಹೇಗೆ?

ಮೊದಲು ಸೀರೆ ತಿರುವಿ, ಮೈ ಮತ್ತು ಸೆರಗು ಕೂಡುವ ಜಾಗ ನೋಡಿ. ಸಾಂಪ್ರದಾಯಿಕ ಇಳಕಲ್‌ನಲ್ಲಿ ಮೈಯ ಹಾಸಿನ (ಉದ್ದಕ್ಕೆ ಹೋಗುವ) ಎಳೆಗಳನ್ನೂ ಸೆರಗಿನ ಹಾಸನ್ನೂ ಕುಣಿಕೆಯೊಳಗೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಇದೇ ‘ಕೊಂಡಿ’. ಆ ಗೆರೆಯಲ್ಲಿ ಮೈಯ ಬಣ್ಣ ನಿಂತು ಸೆರಗಿನ ಕೆಂಪು ಶುರುವಾಗುತ್ತದೆ. ಮೈಯ ಎಳೆಗಳೇ ಸೆರಗಿನೊಳಕ್ಕೂ ಹರಿದಿದ್ದರೆ, ಅಥವಾ ಸೆರಗಿನ ಬಿಳಿ ತೆನೆ ವಿನ್ಯಾಸ ನೇಯ್ದದ್ದಲ್ಲ, ಬರೀ ಅಚ್ಚೊತ್ತಿದ್ದಾಗಿದ್ದರೆ, ಕೈಮಗ್ಗದ ಬೆಲೆ ಕೊಡಬೇಡಿ. ಅಂಚಿನ ಸೂಜಿತೂತು ಕೈಮಗ್ಗಕ್ಕೆ ಸಾಕ್ಷಿಯಲ್ಲ, ಪವರ್‌ಲೂಮ್ ಬಟ್ಟೆಯಲ್ಲೂ ಅವು ಇರಬಹುದು.

ಸೆರಗು ‘ರೇಷ್ಮೆ’ ಎಂದರೆ ಕುಚ್ಚಿನಿಂದ ಎರಡೆಳೆ ಕೇಳಿ ಸುಡಿ. ಕೂದಲು ಸುಟ್ಟ ವಾಸನೆ, ಪುಡಿಯಾಗುವ ಬೂದಿ ಬಂದರೆ ರೇಷ್ಮೆ. ಸುಟ್ಟ ಕಾಗದದ ವಾಸನೆ ಬಂದರೆ ರೇಯಾನ್, ಅಂದರೆ ಕೃತಕ ರೇಷ್ಮೆ. ರೇಯಾನ್ ತಪ್ಪಲ್ಲ, ರೇಷ್ಮೆಯ ದರ ತೆರುವುದು ತಪ್ಪು.

ಕಸೂತಿ ಇದ್ದರೆ ಹಿಂಭಾಗ ನೋಡಿ. ಗವಂತಿ, ಮುರ್ಗಿ ಹೊಲಿಗೆ ಎರಡೂ ಕಡೆ ಒಂದೇ ತರ ಕಾಣಬೇಕು, ಗಂಟು ಇರಬಾರದು. ನೇಯ್ಗಿ, ಮೆಂತಿ ಹೊಲಿಗೆಗಳಿಗೆ ಈ ನಿಯಮ ಇಲ್ಲ.

ಒದ್ದೆ ಬಿಳಿ ಕರ್ಚೀಫಿನಿಂದ ಸೆರಗಿನ ಮೂಲೆ ಉಜ್ಜಿ. ಕೆಂಪು ಹತ್ತಿದರೆ ಮೊದಲ ತೊಳೆತ ತಣ್ಣೀರಲ್ಲಿ, ಬೇರೆಯಾಗಿ. ನೆನೆಸಿಡಬೇಡಿ, ಬಿಳಿ ತೆನೆಗೆ ಬಣ್ಣ ಹರಡುತ್ತದೆ.

ಬಜೆಟ್ ಕಡಿಮೆಯೇ? ಹತ್ತಿರದ ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ಕೊಳ್ಳಿ. ಚೀಲದಲ್ಲಿ ಜಾಗವೂ ಉಳಿಯುತ್ತದೆ.