ಅಪ್ಪನ ಕಣ್ಣನ್ನು ಅಳೆದವರು ಯಾರು?

ಅರಸೀಕೆರೆಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಚಾಲಕರಿಲ್ಲದ ರೈಲುಗಳ ಬಗ್ಗೆ ಬರೆಯುವಾಗ ‘ಯಂತ್ರವು ಮನುಷ್ಯನಷ್ಟು ಚೆನ್ನಾಗಿ ನೋಡಿದರೆ ಸಾಕು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆವು. ‘ನಮ್ಮಪ್ಪ ಮೂವತ್ತು ವರ್ಷ ರೈಲು ಓಡಿಸಿದರು. ಅವರಿಗೆ ಎಷ್ಟು ದೂರ ಕಾಣುತ್ತಿತ್ತು ಅಂತ ಅಳೆದವರು ಯಾರು?’ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆ ಸರಿ. ನಾವು ಅವಸರದಲ್ಲಿ ಬರೆದೆವು.

ನಮ್ಮಲ್ಲಿ ರೈಲು ಓಡಿಸುವ ಕೆಲಸಕ್ಕೆ ಸೇರಲು ಕನ್ನಡಕವಿಲ್ಲದೆ ಎರಡೂ ಕಣ್ಣಿಗೆ 6/6 ದೃಷ್ಟಿ ಬೇಕು. ಆದರೆ ಅದು ಗೋಡೆಯ ಮೇಲಿನ ಅಕ್ಷರ ಓದುವ ಪರೀಕ್ಷೆ. ಅಮಾವಾಸ್ಯೆ ರಾತ್ರಿ ಹಳಿ ಮೇಲೆ ಮಲಗಿದ ಎಮ್ಮೆ ಎಷ್ಟು ದೂರದಿಂದ ಕಾಣುತ್ತದೆ ಎಂದು ಅದರಿಂದ ತಿಳಿಯುವುದಿಲ್ಲ. ಯಂತ್ರಕ್ಕೆ ಅಳತೆಗೋಲು ಬೇಕಾದರೆ ನಿಜವಾದ ಚಾಲಕರನ್ನು ನಿಜವಾದ ಕತ್ತಲಲ್ಲಿ, ಮಳೆಯಲ್ಲಿ, ಡ್ಯೂಟಿಯ ಕೊನೆಯ ಗಂಟೆಯಲ್ಲಿ ಕೂರಿಸಿ ಅಳೆಯಬೇಕು. ಎಂದೂ ಆಯಾಸವಾಗದ, ಎಂದೂ ತಪ್ಪದ ಚಾಲಕ ಕಾಗದದ ಮೇಲೆ ಮಾತ್ರ ಇರುತ್ತಾನೆ.

ಇನ್ನೊಂದು ತೊಡಕಿದೆ. ಗಂಟೆಗೆ 160 ಕಿ.ಮೀ. ವೇಗದಲ್ಲಿರುವ ರೈಲು ಒಂದು ಸೆಕೆಂಡಿಗೆ 44 ಮೀಟರ್ ಓಡುತ್ತದೆ. ಉಕ್ಕಿನ ಹಳಿ, ಉಕ್ಕಿನ ಗಾಲಿ, ಹಿಡಿತ ಕಡಿಮೆ. ಪೂರ್ತಿ ಬ್ರೇಕ್ ಹಾಕಿದರೂ ನಿಲ್ಲಲು ಸುಮಾರು ಒಂದು ಕಿಲೋಮೀಟರ್ ಬೇಕು. ರಾತ್ರಿ ಹೊತ್ತು ಅಷ್ಟು ದೂರದ ಎಮ್ಮೆ ಯಾರ ಕಣ್ಣಿಗೂ ಬೀಳುವುದಿಲ್ಲ. ರೈಲು ಕಣ್ಣಳತೆಗಿಂತ ಜಾಸ್ತಿ ಸಿಗ್ನಲನ್ನು ನಂಬಿ ಓಡುವುದು ಇದಕ್ಕೇ. ಹಾಗಾಗಿ ‘ಮನುಷ್ಯನಷ್ಟು’ ಎಂದರೆ ಕೆಲವು ಕಡೆ ತೀರಾ ಕಡಿಮೆ ಕೇಳಿದಂತೆ. ಕತ್ತಲಲ್ಲೂ ಮೈಯ ಬಿಸಿಯನ್ನು ಹಿಡಿಯುವ ಥರ್ಮಲ್ ಕ್ಯಾಮೆರಾ ಇರುವಾಗ ನಮ್ಮ ಕಣ್ಣಿನ ಮಿತಿಯನ್ನೇ ಅದಕ್ಕೂ ಯಾಕೆ ಕಟ್ಟಬೇಕು?

ಮೆಟ್ರೋದಲ್ಲಿ ಈ ಗೋಜು ಕಡಿಮೆ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ 2008ರಿಂದ, ದೆಹಲಿಯ ಮಜೆಂಟಾ ಮಾರ್ಗದಲ್ಲಿ 2020ರ ಡಿಸೆಂಬರ್‌ನಿಂದ ಚಾಲಕರಿಲ್ಲದ ರೈಲು ಓಡುತ್ತಿದೆ. ಅಲ್ಲಿ ದನ ಬರುವುದಿಲ್ಲ, ರೈಲ್ವೆ ಗೇಟಿಲ್ಲ. ಜರ್ಮನಿಯದೇ ಹ್ಯಾಂಬರ್ಗ್‌ನಲ್ಲಿ 2021ರಲ್ಲಿ ಬಯಲಿನ ಹಳಿಯ ಮೇಲೆ ತಾನೇ ಓಡುವ ಲೋಕಲ್ ರೈಲು ತೋರಿಸಿದಾಗ, ಪ್ರಯಾಣಿಕರಿದ್ದಷ್ಟು ಹೊತ್ತು ಚಾಲಕರು ಮುಂದೆ ಕೂತೇ ಇದ್ದರು. ಬರ್ಗೆಡಾರ್ಫ್ ನಿಲ್ದಾಣದಲ್ಲಿ ಖಾಲಿ ರೈಲನ್ನು ತಿರುಗಿಸುವಾಗ ಮಾತ್ರ ಯಂತ್ರಕ್ಕೇ ಬಿಟ್ಟರು.

ನಿಮ್ಮ ಪತ್ರದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ ಮಾತು ಬೇರೆ: ‘ಅಪ್ಪ ಕಣ್ಣಿಗಿಂತ ಕಿವಿಯನ್ನು, ಕೂತ ಸೀಟನ್ನು ನಂಬುತ್ತಿದ್ದರು.’ ಅಳತೆಯಲ್ಲಿ ಬಿಟ್ಟುಹೋಗುವುದು ಇದೇ ಅಲ್ವಾ? ಹಳಿ ಕೆಟ್ಟ ಕಡೆ ಗಾಡಿ ಒಮ್ಮೆ ಎತ್ತಿ ಹಾಕಿದರೆ ಚಾಲಕರು ಮುಂದಿನ ಸ್ಟೇಷನ್‌ಗೆ ತಿಳಿಸುತ್ತಾರೆ, ಹಿಂದೆ ಬರುವ ಗಾಡಿ ನಿಧಾನವಾಗುತ್ತದೆ. ಮಂಜು ಕವಿದಾಗ ಸಿಗ್ನಲ್‌ಗೆ ಮುಂಚೆ ಹಳಿ ಮೇಲೆ, ಗಾಲಿ ಹತ್ತಿದೊಡನೆ ಸಿಡಿಯುವ ಪಟಾಕಿ ಇಡುವ ರೂಢಿ ನಮ್ಮ ರೈಲ್ವೆಯಲ್ಲಿದೆ, ಕಣ್ಣು ಸೋತಲ್ಲಿ ಕಿವಿ ಕೆಲಸ ಮಾಡಲಿ ಎಂದು. ಹಾರ್ನ್ ಕೇಳಿ ಗ್ಯಾಂಗ್‌ಮನ್ ತಲೆ ಎತ್ತಿ ಪಕ್ಕಕ್ಕೆ ಸರಿದರೆ ಚಾಲಕರು ಸುಮ್ಮನೆ ಮುಂದೆ ಹೋಗುತ್ತಾರೆ. ಅವನು ತಲೆ ಎತ್ತದಿದ್ದರೆ ಬ್ರೇಕ್. ಅದೇ ಮನುಷ್ಯ, ಅದೇ ದೂರ, ಎರಡು ತೀರ್ಮಾನ. ಕ್ಯಾಮೆರಾ ಎಷ್ಟು ಮೀಟರ್ ನೋಡುತ್ತದೆ ಎಂದಷ್ಟೇ ಬರೆದ ನಿಯಮದಲ್ಲಿ ಇದಕ್ಕೆ ಜಾಗ ಎಲ್ಲಿ?

ಒಂದು ಕೋರಿಕೆ. ಯಾವ ಸದ್ದಿಗೆ ಅವರ ಕೈ ಬ್ರೇಕಿಗೆ ಹೋಗುತ್ತಿತ್ತು, ಯಾವ ಅಲುಗಾಟವನ್ನು ಲೆಕ್ಕಕ್ಕೆ ಇಡುತ್ತಿರಲಿಲ್ಲ ಎಂದು ನಿಮ್ಮ ತಂದೆಯವರನ್ನೇ ಕೇಳಿ ಬರೆದು ಕಳಿಸಿ. ಎಷ್ಟೇ ಉದ್ದವಾದರೂ ಅಚ್ಚು ಹಾಕುತ್ತೇವೆ.

– ಸಂಪಾದಕ