ಅಮೆರಿಕದ ಯೂನಿವರ್ಸಿಟಿಗಳಿಗೆ ಸ್ವಂತ ಪೊಲೀಸ್ ಪಡೆ ಬೇಕಾ?

ಇರಲಿ, ಆದರೆ ಕ್ಯಾಂಪಸ್ ಗೇಟಿನ ಒಳಗೆ ಮಾತ್ರ. ಇವರು ನಮ್ಮ ಕಾಲೇಜಿನ ಸೆಕ್ಯೂರಿಟಿ ಗಾರ್ಡ್ ತರ ಅಲ್ಲ, ಸಾಮಾನ್ಯವಾಗಿ ಸೊಂಟದಲ್ಲಿ ಗನ್ ಇರುತ್ತದೆ, ಅರೆಸ್ಟ್ ಮಾಡುವ ಅಧಿಕಾರವೂ ಇರುತ್ತದೆ. ಯೇಲ್ ಯೂನಿವರ್ಸಿಟಿ 1894ರಲ್ಲೇ ಇಂಥ ಪಡೆ ಶುರು ಮಾಡಿತು. ಉಪಯೋಗ ಇಲ್ಲ ಅಂತಲ್ಲ. ಯಾವ ಹಾಸ್ಟೆಲ್, ಯಾವ ಲ್ಯಾಬ್ ಎಲ್ಲಿದೆ ಅಂತ ಗೊತ್ತಿರುವವರು ಬೇಗ ಬರುತ್ತಾರೆ, ಊರಿನ ಠಾಣೆಯವರಿಗೆ ದಾರಿ ಹೇಳುವಷ್ಟರಲ್ಲೇ ಹೊತ್ತು ಹೋಗಿರುತ್ತದೆ.

ತಕರಾರು ಇರುವುದು ಅವರು ಹೊರಗೆ ಹೋದಾಗ. 2015ರಲ್ಲಿ ಸಿನ್ಸಿನಾಟಿ ಯೂನಿವರ್ಸಿಟಿಯ ಪೊಲೀಸ್ ಒಬ್ಬ, ಕಾರಿಗೆ ಮುಂದಿನ ನಂಬರ್ ಪ್ಲೇಟ್ ಇಲ್ಲ ಅಂತ ಸ್ಯಾಮ್ಯುಯೆಲ್ ಡುಬೋಸ್ ಎಂಬುವರನ್ನು ಕ್ಯಾಂಪಸ್ಸಿನ ಹೊರಗೆ ತಡೆದು, ಲೈಸೆನ್ಸ್ ಕೇಳಿ, ಅವರು ಕಾರು ಸ್ಟಾರ್ಟ್ ಮಾಡಿದ ಕೂಡಲೇ ತಲೆಗೆ ಗುಂಡು ಹೊಡೆದ. ಡುಬೋಸ್ ಹತ್ತಿರ ಆಯುಧ ಇರಲಿಲ್ಲ. ಆ ಪೊಲೀಸನಿಗೆ ಎರಡು ಸಲ ವಿಚಾರಣೆ ಆಯಿತು, ಎರಡು ಸಲವೂ ಜ್ಯೂರಿ (ತೀರ್ಪು ಕೊಡುವ ಜನಸಾಮಾನ್ಯರ ತಂಡ) ಒಮ್ಮತಕ್ಕೆ ಬರಲಿಲ್ಲ, ಕೊನೆಗೆ ಕೇಸನ್ನೇ ಕೈಬಿಟ್ಟರು. ಯೂನಿವರ್ಸಿಟಿ ಕುಟುಂಬಕ್ಕೆ 48.5 ಲಕ್ಷ ಡಾಲರ್ ಕೊಟ್ಟು, ಮಕ್ಕಳನ್ನು ಫೀಸಿಲ್ಲದೆ ಓದಿಸಲು ಒಪ್ಪಿತು. ಸುಮ್ನೆ ನಂಬರ್ ಪ್ಲೇಟ್ ಹುಡುಕುತ್ತಾ ರಸ್ತೆಯಲ್ಲಿ ನಿಲ್ಲುವುದು ಯೂನಿವರ್ಸಿಟಿ ಮಾಡುವ ಕೆಲಸನಾ ಹೇಳಿ!

ಇನ್ನು ಖಾಸಗಿ ಯೂನಿವರ್ಸಿಟಿಗಳ ಕಥೆ ಬೇರೆ. ಅವರ ಪೊಲೀಸರ ದಾಖಲೆ ಕೇಳಿದರೆ ಎಷ್ಟೋ ರಾಜ್ಯಗಳಲ್ಲಿ ಕೊಡುವುದೇ ಇಲ್ಲ, ಖಾಸಗಿ ಸಂಸ್ಥೆ ಅಂತ ಜಾರಿಕೊಳ್ಳುತ್ತಾರೆ. ಸರ್ಕಾರಿ ಪೊಲೀಸರಷ್ಟೇ ಅಧಿಕಾರ ಬೇಕು, ಲೆಕ್ಕ ಮಾತ್ರ ಕೇಳಬಾರದು ಅಂದರೆ ಹೇಗೆ? ಅಂಥ ಕಡೆ ಗನ್ ಕೊಡಲೇಬಾರದು.